ಗೆರೆ ನೋಡುವ ಕ್ಯಾಮೆರಾ ಮತ್ತು ನನ್ನ ಹೆಬ್ಬೆರಳು

ನನ್ನ ಸೊಸೆ ಕಾರ್ಖಾನೆಗಳಲ್ಲಿ ಕ್ಯಾಮೆರಾ ಕೂರಿಸುತ್ತಾಳೆ. ಓಡುವ ಬೆಲ್ಟಿನ ಮೇಲೆ ತಲೆಕೆಳಗಾಗಿ ನೇತುಹಾಕಿ, ಕೆಳಗೆ ಹಾದುಹೋಗುವ ಸಾಮಾನಿನಲ್ಲಿ ಹುಳುಕು ಹುಡುಕುವ ಕ್ಯಾಮೆರಾ. ಅದಕ್ಕೆ ಕಾಣುವುದು ಒಂದೇ ಒಂದು ಗೆರೆ. ಕೂದಲಿನಷ್ಟು ತೆಳ್ಳಗಿನ ಅಡ್ಡ ಗೆರೆ. ಸಾಮಾನು ಮುಂದೆ ಸರಿದ ಹಾಗೆ ಇನ್ನೊಂದು ಗೆರೆ, ಮತ್ತೊಂದು ಗೆರೆ. ಆ ಗೆರೆಗಳನ್ನೆಲ್ಲ ಒಂದರ ಕೆಳಗೆ ಒಂದು ಜೋಡಿಸಿದರೆ ಚಿತ್ರ.

ನನಗೆ ನಂಬಿಕೆ ಬರಲಿಲ್ಲ. ಅವಳು ಚಪಾತಿ ಲಟ್ಟಿಸುತ್ತ ಹೇಳಿದಳು.

“ಬಾಗಿಲು ಒಂದು ಸಂದಿಯಷ್ಟು ತೆರೆದಿದೆ ಅಂದ್ಕೊಳ್ಳಿ ಅತ್ತೆ. ಹೊರಗೆ ಆನೆ ಹೋಗ್ತಾ ಇದೆ. ಮೊದಲು ಸೊಂಡಿಲು, ಆಮೇಲೆ ಕಿವಿ, ಆಮೇಲೆ ಹೊಟ್ಟೆ, ಕೊನೆಗೆ ಬಾಲ. ಆನೆ ನಿಂತ್ಬಿಟ್ರೆ ನಿಮಗೆ ಏನೂ ಗೊತ್ತಾಗಲ್ಲ. ನಡೀತಾ ಇದ್ರೇನೇ ಆನೆ.”

“ದಿಲ್ಲಿ ಪಕ್ಕದ ಈ ಇಂದಿರಾಪುರಂನಲ್ಲಿ ಆನೆ ಎಲ್ಲಿಂದ ಬಂತು?”

“ಸರಿ, ಎದುರು ಫ್ಲ್ಯಾಟಿನ ಆಂಟಿ ಅಂದ್ಕೊಳ್ಳಿ.”

ಆಗ ಅರ್ಥವಾಯಿತು.

ನಾನು ಓದುವುದೂ ಹಾಗೆಯೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತ ಹೋದರೆ ಸಾಲಿನ ಕೊನೆಯಲ್ಲಿ ಮಾತು ಸಿಗುತ್ತದೆ. ಯಾರಾದರೂ ಬೇಗ ಓದಿ ಎಂದರೆ ನಡುವಿನ ಅಕ್ಷರಗಳು ಬಿದ್ದುಹೋಗುತ್ತವೆ. ಬರೆಯುವುದು ಅದಕ್ಕಿಂತ ನಿಧಾನ. ಇದನ್ನು ಬರೆಯಲು ಶುರುಮಾಡಿದಾಗ ಎದುರಿನ ಕಟ್ಟಡ ಮಂಜಿನಲ್ಲಿ ಮುಳುಗಿತ್ತು. ಈಗ ಬೇಸಿಗೆ ಬಂದಿದೆ.

ಮದುವೆಗೆ ಮೊದಲು ನಾನು ಕರಾವಳಿಯಲ್ಲಿ, ನಮ್ಮೂರ ಗೇರುಬೀಜದ ಕಾರ್ಖಾನೆಯಲ್ಲಿ ಆರು ವರ್ಷ ಕೂತವಳು. ನಾವು ಅದಕ್ಕೆ ಬೀಜ ಎಂದೇ ಹೇಳುವುದು. ಸೊಸೆ ದಾವಣಗೆರೆಯವಳು, ಅವಳಿಗೆ ಅದು ಗೋಡಂಬಿ. ದಿಲ್ಲಿಗೆ ಬಂದರೆ ಕಾಜು. ನನ್ನ ಗಂಡ ಮಯೂರ್ ವಿಹಾರದಲ್ಲಿ ಇಡ್ಲಿ ದೋಸೆಯ ಹೋಟೆಲು ಇಟ್ಟ. ಅವನು ಹೋದ ಮೇಲೆ ಮಗ ನಡೆಸುತ್ತಾನೆ. ಕಾರ್ಖಾನೆಯ ಬೀಜ ಬಿಟ್ಟು ಹೋಟೆಲಿನ ಉದ್ದಿನಬೇಳೆ ಆರಿಸಿದೆ ಅಷ್ಟೆ. ಜನ್ಮವೆಲ್ಲ ಆರಿಸಿದ್ದೇ.

ಕಾರ್ಖಾನೆಯಲ್ಲಿ ನಮ್ಮ ಕೆಲಸ ಬೀಜದ ಒಳಸಿಪ್ಪೆ ಬಿಡಿಸುವುದು, ಕೆಟ್ಟದ್ದನ್ನು ಬೇರೆ ಮಾಡುವುದು. ಒಳಸಿಪ್ಪೆ ಎಂದರೆ ಬಿಳಿ ಬೀಜಕ್ಕೆ ಅಂಟಿರುವ ಕೆಂಪು ಪೊರೆ. ಸಿಪ್ಪೆ ಉಳಿದ ಬೀಜ ಕೈಗೆ ಬಂದರೆ ಪಕ್ಕಕ್ಕೆ ಇಡುವ ಹಾಗಿಲ್ಲ. ಬಿಡಿಸಿಯೇ ಮುಂದೆ ಹಾಕಬೇಕು. ಮೇಲ್ವಿಚಾರಣೆಯ ಹೆಂಗಸು ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು. ಚಾಕು ಹಿಡಿದವರೂ ಇದ್ದರು. ನಾನು ಹೆಬ್ಬೆರಳಿನ ಉಗುರನ್ನೇ ಬೆಳೆಸಿಕೊಂಡಿದ್ದೆ.

ನೋಡುವುದಕ್ಕೂ ಒಂದು ಕ್ರಮವಿತ್ತು. ಒಂದೊಂದು ಬೀಜವನ್ನೂ ದಿಟ್ಟಿಸಿದರೆ ಮಧ್ಯಾಹ್ನದೊಳಗೆ ಕಣ್ಣು ಸೋಲುತ್ತದೆ. ಕಣ್ಣನ್ನು ಸಡಿಲ ಬಿಡಬೇಕು, ನಿದ್ದೆ ಬರುವ ಮುಂಚೆ ಬಿಡುವ ಹಾಗೆ. ಆಗ ತಟ್ಟೆಯ ಬೀಜಗಳೆಲ್ಲ ಬೆರೆತು ಹಾಲಾಗುತ್ತವೆ. ಆ ಹಾಲಿನಲ್ಲಿ ಕೆಟ್ಟದ್ದು ತಾನಾಗಿ ಮೇಲೆ ಬರುತ್ತದೆ. ಕೈ ಹೋಗಿ ತೆಗೆಯುತ್ತದೆ. ನಾವು ಎಲ್ಲೋ ಇರುತ್ತೇವೆ.

ಕಳೆದ ಚಳಿಗಾಲದಲ್ಲಿ ಸೊಸೆಗೆ ಗಾಜಿಯಾಬಾದಿನ ಆಚೆ ಒಂದು ಕಾಜು ಕಾರ್ಖಾನೆಯ ಕೆಲಸ ಬಂತು. ದಕ್ಷಿಣದಿಂದ ಬಂದ ಬೀಜವನ್ನು ಆರಿಸಿ ಡಬ್ಬಿಗೆ ತುಂಬುವ ಕಾರ್ಖಾನೆ. ಬೆಲ್ಟಿನ ಮೇಲೆ ಬೀಜ ಓಡುತ್ತದೆ, ಕ್ಯಾಮೆರಾ ನೋಡುತ್ತದೆ, ಕೆಟ್ಟದ್ದು ಕಂಡರೆ ತುದಿಯಲ್ಲಿರುವ ಸಣ್ಣ ಕೊಳವೆ ಫುಸ್ ಎಂದು ಗಾಳಿ ಊದಿ ಅದನ್ನು ಬೇರೆ ತೊಟ್ಟಿಗೆ ಹಾರಿಸುತ್ತದೆ. ಹಳೆಯ ಕ್ಯಾಮೆರಾದ ಚಿತ್ರ ಒರಟು. ಹೊಸದು ಕೂರಿಸಿ ಶನಿವಾರ ಮಾಲೀಕನ ಮುಂದೆ ಓಡಿಸಿ ತೋರಿಸಬೇಕು.

ಅವಳ ಆಫೀಸಿನಲ್ಲಿ ಹೊರಗೆ ಹೋಗಿ ಮೆಷಿನ್ ಕೂರಿಸುವ ಹೆಂಗಸು ಇವಳೊಬ್ಬಳೇ. ಒಬ್ಬಳೇ ಮಾಡಿದ ಮೊದಲ ಕೆಲಸ ಇದು. ಸಾಹೇಬ ಮೊದಲೇ ಹೇಳಿಬಿಟ್ಟಿದ್ದ. ಇದು ಕೆಟ್ಟರೆ ನೀನು ಆಫೀಸಿನಲ್ಲಿ ಕೂತು ಗಿರಾಕಿಗಳ ಫೋನು ಎತ್ತು, ಹೊರಗಿನ ಕೆಲಸ ಬೇರೆಯವರು ನೋಡುತ್ತಾರೆ ಎಂದು. ಫೋನು ಎತ್ತುವುದು ಅವಳಿಗೆ ಆಗುವುದಿಲ್ಲ. ತವರಿನ ಫೋನನ್ನೇ ಎತ್ತುವುದಿಲ್ಲ.

ಭಾನುವಾರ ಒಂದು ಚೀಲ ಬೀಜ ತಂದು ನನ್ನ ಮುಂದಿಟ್ಟಳು.

“ಅತ್ತೆ, ಮೆಷಿನ್‌ಗೆ ಕಲಿಸ್ಬೇಕು. ಒಳ್ಳೇದು ಇದು, ಕೆಟ್ಟದ್ದು ಇದು ಅಂತ ತೋರಿಸ್ಬೇಕು. ಸಿಪ್ಪೆ ಇರೋದು, ಹುಳದ ತೂತು ಇರೋದು, ಸುಟ್ಟಿರೋದು, ಬೇರೆ ಬೇರೆ ಮಾಡಿ ಕೊಡ್ತೀರಾ?”

“ಕಾರ್ಖಾನೆಯಲ್ಲಿ ಆರಿಸುವವರು ಇಲ್ಲವಾ?”

“ಅವರು ಶಿಫ್ಟಲ್ಲಿ ಇರ್ತಾರೆ, ಮಾಲೀಕ ಬಿಡಲ್ಲ. ನೀವು ದಿನಾ ನಾನು ಬೀಜದಲ್ಲಿ ಹಾಗೆ, ಬೀಜದಲ್ಲಿ ಹೀಗೆ ಅಂತೀರಲ್ಲ. ಮಾಡಿ ನೋಡೋಣ.”

ಕೆಣಕಿದಳು. ನಾನು ಸೀರೆ ಸಿಕ್ಕಿಸಿ ಬಾಲ್ಕನಿಯಲ್ಲಿ ಕೂತೆ.

ಹತ್ತನೇ ಮಹಡಿ. ಹೊರಗೆ ಮಂಜು, ಹೊಗೆ, ಎರಡೂ ಬೆರೆತದ್ದು. ಎದುರಿನ ಕಟ್ಟಡದ ಐದು ಮಹಡಿ ಮಾತ್ರ ಕಾಣುತ್ತಿತ್ತು, ಮೇಲಿನದ್ದನ್ನು ಯಾರೋ ಒರೆಸಿಹಾಕಿದ್ದರು. ಸೂರ್ಯ ಮಜ್ಜಿಗೆಗೆ ಬಿದ್ದ ನಿಂಬೆಹಣ್ಣಿನ ಹಾಗೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಗೊತ್ತಾಗದ ಬೆಳಕು. ಬೀಜ ಆರಿಸಲು ಅಂಥ ಬೆಳಕೇ ಬೇಕು, ನೆರಳು ಬೀಳುವುದಿಲ್ಲ. ಮೊರದಲ್ಲಿ ಹರಡಿ ಕಣ್ಣು ಸಡಿಲ ಬಿಟ್ಟೆ. ಹಾಲಾಯಿತು. ಕೈ ನಡೆಯತೊಡಗಿತು. ಪಕ್ಕದಲ್ಲಿ ಯಾರೋ ಕೂತಿದ್ದಾರೆ, ಇನ್ನೊಂದು ಪಕ್ಕದಲ್ಲೂ ಕೂತಿದ್ದಾರೆ, ಸಾಲಾಗಿ ನೂರು ಹೆಂಗಸರು, ಬೀಜ ಬೀಜಕ್ಕೆ ತಾಗುವ ಸಣ್ಣ ಸದ್ದು, ಯಾರದೋ ತಲೆಯ ಎಣ್ಣೆಯ ವಾಸನೆ. ಆ ಹೆಂಗಸರಲ್ಲಿ ಅರ್ಧ ಜನ ಸತ್ತಿರಬೇಕು. ಆದರೂ ಕೂತಿದ್ದರು.

ಎರಡು ದಿನ ಕೂತೆ. ಸಿಪ್ಪೆಯದ್ದು ಒಂದು ಡಬ್ಬಿ, ತೂತಿನದ್ದು ಒಂದು, ಸುಟ್ಟದ್ದು ಒಂದು, ಒಳ್ಳೆಯದು ಒಂದು. ಮೇಲೆ ನನ್ನ ಕೈಯಿಂದಲೇ ಚೀಟಿ ಬರೆದು ಅಂಟಿಸಿದೆ. ಎದ್ದಾಗ ಮಡಿಲ ತುಂಬ ಕೆಂಪು ಹೊಟ್ಟು. ಬಾಲ್ಕನಿಯಿಂದ ಕೊಡವಿದೆ. ಕೆಳಗಿನ ಮನೆಯವಳು ಕೂಗಿದಳು. ಕೂಗಲಿ ಎಂದು ಒಳಗೆ ಬಂದೆ.

ಮಂಗಳವಾರ ಸೊಸೆ ಡಬ್ಬಿ ತೆಗೆದುಕೊಂಡು ಹೋದಳು. ಸಂಜೆ ಬಂದವಳು ನೇರ ಲ್ಯಾಪ್‌ಟಾಪ್ ತೆರೆದು ಕೂತಳು. ಬುಧವಾರ ಬಂದವಳು ಚಪ್ಪಲಿಯನ್ನು ಎಸೆದ ರೀತಿಗೇ ಗೊತ್ತಾಯಿತು.

“ಎಂತ ಆಯ್ತು?”

“ಒಳ್ಳೇ ಕಾಜು ಎಲ್ಲ ಊದಿ ಬಿಸಾಕ್ತಿದೆ ಅತ್ತೆ. ಸಿಪ್ಪೆ ಇರೋದು ಆರಾಮಾಗಿ ದಾಟಿ ಹೋಗ್ತಿದೆ. ಸಿಪ್ಪೆ ಡಬ್ಬಿಯಲ್ಲಿರೋದನ್ನ ತೋರಿಸಿದ್ರೆ ಮೆಷಿನ್‌ಗೆ ಸಣ್ಣ ಬಾಗಿದ ಗೆರೆ ಒಂದು ಕಾಣತ್ತೆ ಅಷ್ಟೇ. ಸಿಪ್ಪೆಯ ಅಂಚು ಇರ್ಬೇಕು. ಅದು ಸರಿಯಾಗಿ ಕಾಣ್ಲಿ ಅಂತ ರೆಸಲ್ಯೂಷನ್ ಪೂರ್ತಿ ಏರಿಸ್ದೆ. ಈಗ ಡೇಟಾ ಹಿಡಿಸ್ತಿಲ್ಲ.”

ರೆಸಲ್ಯೂಷನ್ ಎಂದರೆ ಒಂದು ಗೆರೆಯಲ್ಲಿ ಎಷ್ಟು ಚುಕ್ಕೆ ಎಂಬ ಲೆಕ್ಕ. ಚುಕ್ಕೆ ಹೆಚ್ಚಿದಷ್ಟೂ ಸಣ್ಣದು ಕಾಣುತ್ತದೆ. ಆದರೆ ಅಡ್ಡಕ್ಕೆ ಚುಕ್ಕೆ ಎರಡು ಪಟ್ಟು ಮಾಡಿದರೆ ಉದ್ದಕ್ಕೂ ಗೆರೆ ಎರಡು ಪಟ್ಟು ತೆಗೆಯಬೇಕು, ಇಲ್ಲವಾದರೆ ಚಿತ್ರ ಚಪ್ಪಟೆಯಾಗುತ್ತದೆ. ಒಟ್ಟು ನಾಲ್ಕು ಪಟ್ಟು. ಅಷ್ಟೂ ಒಂದು ವೈರಿನಲ್ಲಿ ಕಂಪ್ಯೂಟರಿಗೆ ಹೋಗಬೇಕು. ವೈರು ಅದೇ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ನೀರಿನ ಪೈಪಿನ ಹಾಗೆ, ಮೇಲೆ ಎಷ್ಟು ದೊಡ್ಡ ಟ್ಯಾಂಕು ಕಟ್ಟಿದರೂ ನಲ್ಲಿಯಲ್ಲಿ ಬರುವುದು ಅಷ್ಟೇ. ಮಿಕ್ಕ ಗೆರೆಗಳು ದಾರಿಯಲ್ಲಿ ಬಿದ್ದುಹೋಗುತ್ತಿದ್ದವು. ಅರ್ಧ ಬೀಜ, ಕೊರೆದ ಬೀಜ, ಮೂಗಿಲ್ಲದ ಬೀಜ. ಮೆಷಿನ್ ಗಾಬರಿಯಾಗಿ ಎಲ್ಲಕ್ಕೂ ಊದುತ್ತಿತ್ತು.

“ಬೆಲ್ಟು ನಿಧಾನ ಮಾಡು.”

“ಮಾಲೀಕ ಒಪ್ಪಲ್ಲ. ದಿನಕ್ಕೆ ಇಷ್ಟು ಚೀಲ ಆಗ್ಲೇಬೇಕು ಅಂತಾನೆ.” ಸೋಫಾದಲ್ಲಿ ಕಣ್ಣು ಮುಚ್ಚಿ ಕೂತಳು. “ಫೋನ್ ಎತ್ತೋದು ಪ್ರಾಕ್ಟೀಸ್ ಮಾಡ್ಬೇಕು ನಾನು. ಹಲೋ ಜೀ, ನಮಸ್ಕಾರ್ ಜೀ.”

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. “ನಾಳೆ ನಾನೂ ಬರುತ್ತೇನೆ” ಎಂದೆ.

“ನೀವು ಬಂದು ಏನ್ ಮಾಡ್ತೀರಿ?”

“ಬಿಸಾಡಿದ ಬೀಜ ನೋಡುತ್ತೇನೆ.”

ಗುರುವಾರ ಹೋದೆವು. ಹೈವೇಯಲ್ಲಿ ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟು ಏನೂ ಇರಲಿಲ್ಲ. ಒಂದು ಲಾರಿಯ ಹಿಂಭಾಗ, ಒಂದು ಎಮ್ಮೆಯ ಮುಖ, ಒಂದು ಬೋರ್ಡಿನ ಅರ್ಧ, ಅಷ್ಟಷ್ಟೇ ಬಂದು ಹೋಗುತ್ತಿತ್ತು. ಜಗತ್ತನ್ನು ಯಾರೋ ಸಂದಿಯಿಂದ ತೋರಿಸುತ್ತಿದ್ದ ಹಾಗೆ.

ಕಾರ್ಖಾನೆಯ ಒಳಗೆ ಬೆಳಕೋ ಬೆಳಕು. ಕ್ಯಾಮೆರಾದ ಕೆಳಗೆ ಉದ್ದಕ್ಕೂ ಬಿಳಿ ದೀಪ, ಅದರ ಕೆಳಗೆ ಕಪ್ಪು ಬೆಲ್ಟು, ಬೆಲ್ಟಿನ ಮೇಲೆ ಬೀಜದ ಹೊಳೆ. ನಮ್ಮಲ್ಲಿ ನೂರು ಹೆಂಗಸರು ಇಡೀ ದಿನ ನೋಡುವಷ್ಟು ಬೀಜ ನಾನು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಹೋಯಿತು. ಬೆಲ್ಟು ನೋಡಿಕೊಳ್ಳುವ ಭಯ್ಯಾ ನನಗೆ ಸ್ಟೂಲು ಹಾಕಿದ. ನೋಡುತ್ತ ನೋಡುತ್ತ ಬೆಲ್ಟು ನಿಂತಿದೆ, ನಾನೇ ಹಿಂದಕ್ಕೆ ಹೋಗುತ್ತಿದ್ದೇನೆ ಎನಿಸಿತು. ಸ್ಟೂಲು ಗಟ್ಟಿಯಾಗಿ ಹಿಡಿದುಕೊಂಡೆ.

“ಅತ್ತೆ, ಬನ್ನಿ, ಒಂದು ತಮಾಷೆ ತೋರಿಸ್ತೀನಿ” ಎಂದಳು ಸೊಸೆ. ಅವಳಿಗೂ ತಲೆ ಕೆಟ್ಟಿತ್ತು, ತಮಾಷೆ ಬೇಕಿತ್ತು. ಬೀಜ ನಿಲ್ಲಿಸಿ, ಗಾಳಿ ನಿಲ್ಲಿಸಿ, ಬೆಲ್ಟನ್ನು ಆಮೆಯ ಹಾಗೆ ಬಿಟ್ಟಳು. “ಕೈ ಇಡಿ. ಅದರ ಜೊತೆಗೇ ನಡೀರಿ.”

ಕೈ ಇಟ್ಟು ನಾಲ್ಕು ಹೆಜ್ಜೆ ನಡೆದೆ. ಪರದೆಯ ಮೇಲೆ ನನ್ನ ಕೈ ಮೇಲಿನಿಂದ ಕೆಳಕ್ಕೆ ಬರತೊಡಗಿತು. ಮೊದಲು ನಡುಬೆರಳಿನ ತುದಿ. ಆಮೇಲೆ ಬೆರಳು. ಬೆರಳು ಮುಗಿಯಲೇ ಇಲ್ಲ. ಬೆಲ್ಟು ನಿಧಾನವಿತ್ತು, ಕ್ಯಾಮೆರಾ ತನ್ನ ವೇಗದಲ್ಲೇ ಗೆರೆ ತೆಗೆಯುತ್ತಿತ್ತು, ಅದಕ್ಕೆ ಹೀಗೆ ಎಳೆದುಕೊಳ್ಳುತ್ತದೆ ಎಂದಳು. ಬೆರಳುಗಳು ಹೊಳೆಗಳ ಹಾಗೆ ಉದ್ದವಾಗಿ ಹರಿದವು. ಗಂಟುಗಳು ದಿಬ್ಬಗಳಾದವು, ನರಗಳು ಕಾಲುದಾರಿಗಳಾದವು. ಅಷ್ಟು ಉದ್ದದ ಕೈ ಇದ್ದರೆ ಇಲ್ಲಿಂದ ಕೂತಲ್ಲೇ ಊರಿನ ಬಾವಿಯ ಹಗ್ಗ ಹಿಡಿಯಬಹುದು. ಕೊನೆಗೆ ಹೆಬ್ಬೆರಳು ಬಂತು. ಅದರ ತುದಿಯಲ್ಲಿ ಉಗುರು, ಉದ್ದಕ್ಕೆ ಬೆಳೆದದ್ದು.

“ಉಗುರು ಕತ್ತರಿಸೋಕೆ ಆಗಲ್ವಾ ಅತ್ತೆ? ಇದೇನು ಕುಡುಗೋಲು?”

ನಾನು ಮೆಷಿನ್ ಬಿಸಾಡಿದ ಬೀಜದ ತೊಟ್ಟಿಯ ಹತ್ತಿರ ಹೋದೆ. ತುಂಬ ಬೆಳ್ಳಗಿನ ಪೂರ್ತಿ ಬೀಜ. ನಮ್ಮ ಕಾರ್ಖಾನೆಯಲ್ಲಿ ಇಂಥದ್ದನ್ನು ನಾವು ಮುಟ್ಟಲು ಹೆದರುತ್ತಿದ್ದೆವು, ಹೊರದೇಶಕ್ಕೆ ಹೋಗುವ ಬೀಜ. ಪ್ರತಿಯೊಂದರ ಹೊಟ್ಟೆಯಲ್ಲೂ ಹುಟ್ಟಿನಿಂದ ಬರುವ ಸಣ್ಣ ಮಡಿಕೆ ಬಿಟ್ಟರೆ ಒಂದು ಕಲೆ ಇಲ್ಲ.

“ಸಿಪ್ಪೆ ಡಬ್ಬಿ ತೆಗೆ” ಎಂದೆ.

ತೆಗೆದು ಅದರಲ್ಲಿದ್ದ ಒಂದು ಬೀಜದ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿದಳು. ಬಿಳಿ ಗುಡ್ಡದ ಹಾಗೆ ಬೀಜ. ಗುಡ್ಡದ ಇಳಿಜಾರಿನಲ್ಲಿ ಅರ್ಧಚಂದ್ರದಂಥ ಗೆರೆ. ಇನ್ನೊಂದು ಬೀಜ, ಅದರಲ್ಲೂ ಅರ್ಧಚಂದ್ರ. ಮೂರನೆಯದರಲ್ಲಿ ಎರಡು. ಆ ಗೆರೆ ನನಗೆ ಗೊತ್ತು. ಡಬ್ಬಿಗೆ ಕೈ ಹಾಕಿ ಹಿಡಿಯಷ್ಟು ತೆಗೆದು ಬೆಳಕಿಗೆ ಹಿಡಿದೆ. ಒಂದರ ಮೇಲೂ ಸಿಪ್ಪೆಯಿಲ್ಲ.

ಸಿಪ್ಪೆ ಇರುವ ಬೀಜವನ್ನು ಕಣ್ಣು ಸರಿಯಾಗಿಯೇ ಹುಡುಕಿತ್ತು. ಕೈಗೆ ಬಂದ ಮೇಲೆ ಹೆಬ್ಬೆರಳು ಅದನ್ನು ಬಿಡಿಸಿಯೇ ಡಬ್ಬಿಗೆ ಹಾಕಿತ್ತು. ಎರಡು ದಿನ, ಅಷ್ಟೂ ಬೀಜ. ಐವತ್ತು ವರ್ಷದ ಹಿಂದಿನ ಆ ಮೇಲ್ವಿಚಾರಣೆಯ ಹೆಂಗಸು ಬೆನ್ನ ಹಿಂದೆ ನಿಂತಿದ್ದಳು ಎಂದು ಕಾಣುತ್ತದೆ. ಸೊಸೆ ಮೆಷಿನ್ನಿಗೆ ಕೆಟ್ಟದ್ದು ಎಂದು ತೋರಿಸಿದ್ದು ಶುದ್ಧವಾದ ಬೀಜವನ್ನು, ಅದರ ಮೇಲಿನ ನನ್ನ ಉಗುರಿನ ಗುರುತನ್ನು. ಬಾಗಿದ ಗೆರೆ ಎಲ್ಲಿ ಕಂಡರೂ ಊದು ಎಂದು ಅದು ಕಲಿತಿತ್ತು. ಹುಟ್ಟಿನ ಮಡಿಕೆಯಿಲ್ಲದ ಬೀಜ ಯಾವುದಿದೆ?

ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಶನಿವಾರ ಮಾಲೀಕನ ಮುಂದೆ ನಿಲ್ಲಬೇಕಾದವಳು ಆ ಹುಡುಗಿ.

“ಇದು ನನ್ನ ಉಗುರು” ಎಂದೆ. “ಸಿಪ್ಪೆ ಬಿಡಿಸಿಬಿಟ್ಟಿದ್ದೇನೆ. ಎಲ್ಲದರದ್ದೂ.”

ಅವಳು ಪರದೆ ನೋಡಿದಳು, ನನ್ನ ಹೆಬ್ಬೆರಳು ನೋಡಿದಳು, ಮತ್ತೆ ಪರದೆ ನೋಡಿದಳು.

“ಮೂರು ದಿನ ಅತ್ತೆ. ಮೂರು ದಿನದಿಂದ ನಿಮ್ಮ ಉಗುರನ್ನ ದೊಡ್ಡದು ಮಾಡ್ತಾ ಕೂತಿದ್ದೀನಿ ನಾನು.”

“ನಿನಗೂ ಕಣ್ಣಿದೆಯಲ್ಲ? ಸಿಪ್ಪೆ ಕೆಂಪಗಿರುತ್ತದೆ ಎಂದು ಗೊತ್ತಿಲ್ಲವಾ?”

“ಕ್ಯಾಮೆರಾ ಕಪ್ಪು ಬಿಳುಪು. ನೀವು ಚೀಟಿ ಬೇರೆ ಅಂಟಿಸಿದ್ರಿ, ಸಿಪ್ಪೆ ಅಂತ. ನಂಬ್ದೆ, ಡಬ್ಬಿ ಹಾಗೇ ಸುರಿದೆ. ನಂಗೆ ಗೋಡಂಬಿ ಅಂದ್ರೆ ಉಪ್ಪಿಟ್ಟಿಗೆ ಹಾಕೋದು ಅಷ್ಟೇ ಗೊತ್ತು.”

“ಅದೂ ಕರಟಿಸಿ ಹಾಕುತ್ತೀ.”

ಭಯ್ಯಾನಿಗೆ ಕನ್ನಡ ತಿಳಿಯದು. ಆದರೂ ಮುಖ ಆ ಕಡೆ ತಿರುಗಿಸಿ ನಕ್ಕ. ಆಮೇಲೆ ಅವಳೂ ನಕ್ಕಳು, ಕಣ್ಣಲ್ಲಿ ನೀರಿತ್ತು, ಯಾವುದರ ನೀರೋ.

ಆಗ ನಾನೊಂದು ಮಾತು ಕೇಳಿದೆ. ಬುದ್ಧಿವಂತಿಕೆಯಿಂದ ಕೇಳಿದ್ದಲ್ಲ, ಕಾರ್ಖಾನೆಯಲ್ಲಿ ಹೊಸದಾಗಿ ಬಂದವರನ್ನು ಕೇಳುತ್ತಿದ್ದ ಮಾತು ಅದು. “ನಿನಗೆ ಕಾಣಲೇಬೇಕಾದ ಎಲ್ಲಕ್ಕಿಂತ ಸಣ್ಣದು ಯಾವುದು?”

“ಹುಳದ ತೂತು. ಸೂಜಿ ಚುಚ್ಚಿದಷ್ಟು.”

“ನಿನ್ನ ಕ್ಯಾಮೆರಾ ಈಗ ಅದಕ್ಕಿಂತ ಎಷ್ಟು ಸಣ್ಣದು ನೋಡುತ್ತಿದೆ?”

ಅವಳು ತೂತಿನ ಡಬ್ಬಿಯ ಬೀಜವೊಂದನ್ನು ಓಡಿಸಿ ಪರದೆಯ ಮೇಲೆ ಬೆರಳಿಟ್ಟು ಚುಕ್ಕೆ ಎಣಿಸಿದಳು. “ತೂತಿನ ಅಗಲಕ್ಕೆ ಎಂಟು ಚುಕ್ಕೆ ಬೀಳ್ತಿವೆ. ನಾಲ್ಕು ಇದ್ರೆ ಸಾಕು.”

“ಮತ್ತೆ? ಕಣ್ಣು ಸಡಿಲ ಬಿಡು ಅದಕ್ಕೆ.”

“ಸಡಿಲ ಬಿಡೋದು ಅಂತ ಬಟನ್ ಇಲ್ಲ ಅತ್ತೆ” ಎಂದಳು. ಹೇಳಿದವಳೇ ಕಂಪ್ಯೂಟರಿನ ಕಡೆ ಬಾಗಿದಳು. “ಇದೆ. ಅಚ್ಛಾ, ಇದೆ.”

ಅಕ್ಕಪಕ್ಕದ ಎರಡೆರಡು ಚುಕ್ಕೆಗಳನ್ನು ಕೂಡಿಸಿ ಒಂದು ಮಾಡಿದಳು, ಕೆಳಗಿನ ಗೆರೆಯ ಜೊತೆಗೂ ಕೂಡಿಸಿದಳು. ನಾಲ್ಕು ಚುಕ್ಕೆ ಇದ್ದ ಜಾಗದಲ್ಲಿ ಒಂದು. ಬೆಲ್ಟಿನ ಎರಡೂ ಅಂಚಿನಲ್ಲಿ ಬೀಜವೇ ಹೋಗುವುದಿಲ್ಲ, ಬರಿಯ ಕಪ್ಪು ರಬ್ಬರು. ಅದನ್ನು ನೋಡಬೇಡ ಎಂದು ಕ್ಯಾಮೆರಾಕ್ಕೆ ಹೇಳಿದಳು. ಬಿಳಿಗೂ ಕಪ್ಪಿಗೂ ನಡುವೆ ಅದು ಸಾವಿರಾರು ಬೂದುಬಣ್ಣದ ಮೆಟ್ಟಿಲು ಇಟ್ಟುಕೊಂಡಿತ್ತು, ಇನ್ನೂರ ಐವತ್ತಾರಕ್ಕೆ ಇಳಿಸಿದಳು. ಬೆಲ್ಟಿನ ಉರುಳೆ ಇಷ್ಟು ತಿರುಗಿದರೆ ಒಂದು ಗೆರೆ ಎಂದು ಕಟ್ಟಿಹಾಕಿದಳು, ಕೈ ಎಳೆದುಕೊಂಡ ಹಾಗೆ ಬೀಜ ಎಳೆದುಕೊಳ್ಳಬಾರದಲ್ಲ. ಬಿದ್ದುಹೋಗುತ್ತಿದ್ದ ಗೆರೆಗಳು ನಿಂತವು. ಪರದೆಯ ಮೇಲೆ ಬೀಜಗಳು ಪೂರ್ತಿ ಪೂರ್ತಿಯಾಗಿ, ತುಸು ಮಂಕಾಗಿ, ಮಂಜಿನೊಳಗೆ ಈಜುವ ಹಾಗೆ ಇಳಿದು ಬಂದವು. ಉಗುರಿನ ಗೆರೆ ಕಾಣಲಿಲ್ಲ. ಹುಳದ ತೂತು ಕಂಡಿತು.

ಸಿಪ್ಪೆಯ ಬೀಜ ಹೊಸದಾಗಿ ಆರಿಸಬೇಕಿತ್ತು. ಅವಳು ವೈರಿಗೆ ಸುತ್ತುವ ಕಪ್ಪು ಟೇಪು ತಂದು ನನ್ನ ಹೆಬ್ಬೆರಳಿಗೆ ಸುತ್ತಿದಳು, ಸುತ್ತಿನ ಮೇಲೆ ಸುತ್ತು. ಸಾಲದು ಎಂದು ಎದುರು ಕೂತು ಪ್ರತಿಯೊಂದು ಬೀಜವನ್ನೂ ತಾನೇ ನೋಡಿ ಡಬ್ಬಿಗೆ ಹಾಕಿದಳು. ಟೇಪಿನೊಳಗೆ ಹೆಬ್ಬೆರಳು ಮತ್ತೆ ಮತ್ತೆ ಅಲುಗುತ್ತಿತ್ತು. ನಾಯಿಯನ್ನು ಕಟ್ಟಿಹಾಕಿದ ಹಾಗೆ.

ಶನಿವಾರ ನಾನು ಹೋಗಲಿಲ್ಲ. ಅವಳು ಕರೆಯಲೂ ಇಲ್ಲ. ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತೆ. ಕೈಯಲ್ಲಿ ಆರಿಸಲು ಏನೂ ಇರಲಿಲ್ಲ. ಎದುರಿನ ಕಟ್ಟಡ ಪೂರ್ತಿ ಇಲ್ಲವಾಗಿತ್ತು. ಹತ್ತು ಗಂಟೆಯ ಮೇಲೆ ಅದು ಮೇಲಿನಿಂದ ಬರತೊಡಗಿತು. ಮೊದಲು ನೀರಿನ ಟ್ಯಾಂಕು, ಆಮೇಲೆ ಒಂದು ಸಾಲು ಕಿಟಕಿ, ಆಮೇಲೆ ಒಂದು ಸಾಲು ಒಗೆದ ಬಟ್ಟೆ. ಗೆರೆ ಗೆರೆಯಾಗಿ ಯಾರೋ ನಿಧಾನಕ್ಕೆ ಜೋಡಿಸುತ್ತಿದ್ದರು. ಕೆಳಗಿನ ಗೇಟಿನವರೆಗೂ ಬಂದು ಮುಗಿಯುವಷ್ಟರಲ್ಲಿ ಫೋನು ಬಂತು.

“ಅತ್ತೆ.”

“ಹೇಳು.”

“ಮಾಲೀಕ ತಾನೇ ಕೆಟ್ಟ ಕಾಜು ಆರಿಸಿ ತಂದಿದ್ದ. ಗುರುತಿಗೆ ಅಂತ ಕ್ಯಾಮೆರಾಗೆ ಕಾಣದಷ್ಟು ತಿಳಿ ಬಣ್ಣದ ಚುಕ್ಕೆ ಇಟ್ಟು, ನಡುವೆ ಬೆರೆಸಿ ಓಡಿಸ್ದ. ಸಿಪ್ಪೆದು ಎಲ್ಲ ಹಿಡೀತು. ತೂತಿಂದು ಎರಡು ದಾಟಿ ಹೋಯ್ತು.”

“ಆಮೇಲೆ?”

“ಆ ಎರಡು ಕೈಯಲ್ಲಿ ಹಿಡ್ಕೊಂಡು ಬಹಳ ಹೊತ್ತು ನೋಡ್ದ. ತೂತು ಕೆಳಗಡೆ ಇತ್ತು, ಬೆಲ್ಟಿನ ಕಡೆ. ಮೇಲಿನ ಕ್ಯಾಮೆರಾ ಕೆಳಗಿನದ್ದು ಹೇಗೆ ನೋಡತ್ತೆ, ಕೆಳಗೂ ಒಂದು ಹಾಕಿ ಅಂದೆ. ಚಲೋ ಠೀಕ್ ಹೈ, ಮುಂದಿನ ತಿಂಗಳು ಅದನ್ನೂ ನೀನೇ ಬಂದು ಹಾಕು ಅಂದ. ಸಾಹೇಬರ ಮುಂದೇನೇ.”

“ಫೋನು ಎತ್ತುವ ಕೆಲಸ?”

“ಬೇರೆ ಯಾರಾದ್ರೂ ಎತ್ತಲಿ” ಎಂದಳು. “ಮುಂದಿನ ತಿಂಗಳು ಮತ್ತೆ ಬೀಜ ಆರಿಸ್ಬೇಕು. ಟೇಪ್ ನಾನೇ ತರ್ತೀನಿ” ಎಂದಳು. ಗೋಡಂಬಿ ಎನ್ನಲಿಲ್ಲ, ಕಾಜು ಎನ್ನಲಿಲ್ಲ, ಬೀಜ ಎಂದಳು.

ಆ ಗುರುವಾರದ ನನ್ನ ಕೈಯ ಚಿತ್ರವನ್ನು ಅವಳು ಉದ್ದ ಕಾಗದದಲ್ಲಿ ತೆಗೆಸಿ ತಂದು, ಬೆರಳು ಕೆಳಗೆ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಬಾಗಿಲು ಸಾಲದೆ ಬೆರಳುಗಳು ಕೆಳಗೆ ನೆಲದವರೆಗೂ ಇಳಿದಿವೆ. ಹಾಲು ತೆಗೆಯಲು ಹೋದಾಗೆಲ್ಲ ನೋಡುತ್ತೇನೆ. ಉಗುರು ಕತ್ತರಿಸಿಕೊಂಡಿದ್ದೇನೆ. ಆದರೂ ಮಧ್ಯಾಹ್ನ ಸುಮ್ಮನೆ ಕೂತಾಗ ಹೆಬ್ಬೆರಳು ತೋರುಬೆರಳಿನ ಮೇಲೆ ಸರಿದಾಡುತ್ತದೆ, ಅಲ್ಲಿ ಏನೂ ಇಲ್ಲದಿದ್ದರೂ.